1.75 ಸ್ಪೀಡ್ ಬಿಡು, ಪುಸ್ತಕ ಬಿಡಬೇಡ

ತಮ್ಮಾ, ‘ಎಂಡರ್ಸ್ ಗೇಮ್’ ಅನ್ನೋ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿಯ ಆಡಿಯೋ ಪುಸ್ತಕವನ್ನು 1.75 ಸ್ಪೀಡಲ್ಲಿ ನಾಲ್ಕು ಅಧ್ಯಾಯ ಕೇಳಿದೆ, ಯಾರು ಯಾರ ಜೊತೆ ಮಾತಾಡ್ತಾರೋ ತಿಳೀತಿಲ್ಲ, ಬಿಡ್ತೀನಿ ಅಂತ ಬರೆದಿದ್ದೀಯ. ನಾನೂ ಇದೇ ತಪ್ಪು ಮಾಡಿದವನು.

ಆಗ ಸಿಂಧನೂರಿನಿಂದ ರಾಯಚೂರಿಗೆ ದಿನಾ ಬಸ್ಸಲ್ಲಿ ಓಡಾಡುತ್ತಿದ್ದೆ. ಸುಮಾರು 12 ತಾಸಿನ ಇದೇ ಪುಸ್ತಕವನ್ನು 7 ತಾಸಿನಲ್ಲಿ ಮುಗಿಸಿ ಗೆಳೆಯರಿಗೆಲ್ಲ ಹೇಳಿಕೊಂಡೆ. ಕೊನೆಯ ದೊಡ್ಡ ತಿರುವು ಬಂದಾಗ ಬಸ್ಸು ಮಾನವಿ ಸ್ಟ್ಯಾಂಡಿನಲ್ಲಿತ್ತು. ಜನ ಹತ್ತುತ್ತಿದ್ದರು, ಶೇಂಗಾ ಮಾರುವವರ ಕೂಗು ಬೇರೆ. ಎರಡು ವಾಕ್ಯ ತಪ್ಪಿದವು. ಹಿಂದೆ ಹೋಗಿ ಕೇಳಲಿಲ್ಲ. ‘ಇಷ್ಟೇನಾ’ ಅಂತ ಪುಸ್ತಕ ಮುಗಿಸಿದೆ. ಆಮೇಲೆ ಒಬ್ಬ ಗೆಳೆಯ ಆ ಜಾಗ ಬಿಡಿಸಿ ಹೇಳಿದಾಗ ಎದೆ ಝಲ್ ಅಂತು. ಅಂಥ ತಿರುವನ್ನು ಮೊದಲ ಸಲ ಕೇಳೋದು ಒಂದೇ ಸಲ ಅಲ್ವಾ? ನನಗೆ ಅದು ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಧ್ಯಾಯ ಶುರುವಾಗುವಾಗ ಸೇನೆಯ ದೊಡ್ಡವರು ಮಾತಾಡುತ್ತಾರಲ್ಲ, ಅಚ್ಚಿನಲ್ಲೂ ಅಲ್ಲಿ ‘ಇವನು ಹೇಳಿದ’ ಅಂತ ಇಲ್ಲ. ಬರೀ ಮಾತು. ಸ್ಪೀಡ್ ಏರಿಸಿದರೆ ಎರಡು ದನಿ ಒಂದಾಗಿಬಿಡುತ್ತವೆ. ಅದನ್ನು 1ಕ್ಕೆ ಇಳಿಸಿ ಎರಡು ಸಲ ಕೇಳು. ಉಳಿದದ್ದು 1.2 ಸಾಕು. ‘ಥರ್ಡ್’ ಅನ್ನೋ ಪದಕ್ಕೂ ಕಿವಿ ಕೊಡು. ಮನೆಗೆ ಎರಡೇ ಮಕ್ಕಳು ಅನ್ನೋ ಕಾನೂನಿರುವ ಲೋಕ ಅದು, ಮೂರನೆಯವನು ಅನ್ನೋದೇ ಬೈಗುಳ. ಓದುವಾಗ ದೊಡ್ಡಕ್ಷರ ನೋಡಿ ಗೊತ್ತಾಗುತ್ತದೆ, ಕೇಳುವಾಗ ಜಾರಿಹೋಗುತ್ತದೆ. ಇನ್ನೊಂದು, ಓದುವವರ ದನಿ ದೊಡ್ಡವರದು. ಕಥೆಯ ಹುಡುಗ ಎಂಡರ್‌ನನ್ನು ಯುದ್ಧ ಕಲಿಸುವ ಶಾಲೆಗೆ ಒಯ್ಯುವಾಗ ಅವನಿಗೆ ಬರೀ 6 ವರ್ಷ. ಅದನ್ನು ಮರೆತರೆ ಅರ್ಧ ನೋವು ತಟ್ಟೋದೇ ಇಲ್ಲ.

ಆ ಶಾಲೆಯ ಮಕ್ಕಳು ಪಡೆ ಕಟ್ಟಿಕೊಂಡು, ತೂಕವಿಲ್ಲದೆ ತೇಲುವ ಕೋಣೆಯಲ್ಲಿ ಆಟವಾಗಿ ಕಾದಾಡುತ್ತಾರಲ್ಲ, ಅದಕ್ಕೆ ಬಸ್ ಟಿಕೆಟ್ ಹಿಂದೆ ಒಂದು ಚೌಕ ಬರೆ. ಎದುರಾಳಿಯ ಬಾಗಿಲನ್ನು ಕೆಳಗಿಡು. ಎಂಡರ್ ಯೋಚಿಸೋದೂ ಹಾಗೇ. ಬಾಗಿಲು ಎದುರಿಗಿದೆ ಅಂದುಕೊಂಡರೆ ಯಾರು ಎಲ್ಲಿ ತೇಲುತ್ತಿದ್ದಾರೋ ತಲೆಗೆ ಹತ್ತಲ್ಲ. ಪಕ್ಕದಲ್ಲಿ ಅವನು ಸೇರುವ ಪಡೆಗಳನ್ನು ಬರೆದುಕೋ: ಸಾಲಮಾಂಡರ್, ರ್‍ಯಾಟ್, ಫೀನಿಕ್ಸ್, ಡ್ರ್ಯಾಗನ್. ಬೇರೆ ಸೇನೆ ಕಥೆಗಳಿಗೂ ಹೀಗೇ ಮಾಡುತ್ತೇನೆ, ಹುದ್ದೆಯ ಹೆಸರು ಜಾಸ್ತಿ ಇದ್ದರಂತೂ ಚೀಟಿ ಬೇಕೇ ಬೇಕು.

ಇಯರ್‌ಫೋನ್ ತಂತಿಯದೇ ಇರಲಿ. ನಾನು ಸೋನಿ ಬಳಸುತ್ತೇನೆ, ಮಾತು ಸ್ಪಷ್ಟ. ಬಾಸ್ ಗುಡುಗುವಂಥದ್ದು ಹಾಡಿಗೆ ಸರಿ, ಮಾತನ್ನು ನುಂಗುತ್ತದೆ. ಕಾರಟಗಿಯಿಂದ ಗಂಗಾವತಿಗೆ ಬೈಕಲ್ಲಿ ಹೋಗ್ತಾ ಕೇಳ್ತೀನಿ ಅಂತಲೂ ಬರೆದಿದ್ದೀಯ. ಬೇಡ ತಮ್ಮಾ. ಭತ್ತದ ಲಾರಿಗಳು ಓಡಾಡುವ ರಸ್ತೆ ಅದು, ಹಿಂದಿನ ಹಾರ್ನ್ ಕೇಳಿಸಬೇಕು. ಒಂದು ಕಿವಿಗೆ ಮಾತ್ರ ಹಾಕ್ತೀನಿ ಅನ್ನೋದೂ ಬೇಡ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬಸ್ಸಲ್ಲಿ ಕೇಳು. 64 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ) ಫೈಲಾದರೆ ತಾಸಿಗೆ ಸುಮಾರು 29 ಎಂಬಿ, ಇಡೀ ಪುಸ್ತಕ 350 ಎಂಬಿ ಆಗುತ್ತದೆ ಅಷ್ಟೇ. ರಾತ್ರಿ ಮಲಗಿ ಕೇಳುವುದಾದರೆ ಸ್ಲೀಪ್ ಟೈಮರ್ 15 ನಿಮಿಷಕ್ಕಿಡು, ಇಲ್ಲದಿದ್ದರೆ ಬೆಳಗ್ಗೆ ಎಲ್ಲಿದ್ದೆ ಅಂತ ಹುಡುಕೋದೇ ಕೆಲಸ.

ಐದನೆಯ ಅಧ್ಯಾಯಕ್ಕೆ ಹೋಗಬೇಡ, ಮತ್ತೆ ಮೊದಲಿನಿಂದ ಹಚ್ಚು. ಕೊನೆ ಏನು ಅಂತ ಇಲ್ಲಿ ಯಾರೂ ಬರೆಯಬೇಡಿ, ದಯವಿಟ್ಟು.