ಮೆಟ್ರೋ ಬಂದಮೇಲೂ ಬಸ್ ಲೇನ್ ಬೇಕೇ ಬೇಕು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವೆ ಮೆಟ್ರೋ ಬರ್ತಿದೆಯಲ್ಲ, ಮತ್ತೆ ಬಸ್‌ಗೊಂದು ಪ್ರತ್ಯೇಕ ಲೇನ್ ಯಾಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮೆಟ್ರೋ ಬಂದಮೇಲೆ ಅದರ ಅಗತ್ಯ ಇನ್ನೂ ಹೆಚ್ಚು.

ಆ ಮಾರ್ಗದಲ್ಲಿ 13 ನಿಲ್ದಾಣಗಳು, ಒಂದರಿಂದ ಇನ್ನೊಂದಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ಬೆಳ್ಳಂದೂರಲ್ಲಿ ಇಳಿದವರು ಸರ್ಜಾಪುರ ರಸ್ತೆಯ ಒಳಗಿನ ಲೇಔಟಿಗೆ ಹೋಗೋದು ಹೇಗೆ? ನಿಲ್ದಾಣದಿಂದ ಒಳಗಿನ ಬಡಾವಣೆಗೆ ಕರೆದೊಯ್ಯೋ ಫೀಡರ್ ಬಸ್ಸಲ್ಲಿ. ಆ ಬಸ್ಸೂ ಕಾರುಗಳ ಹಿಂದೆ ಸಿಕ್ಕಿಹಾಕಿಕೊಂಡರೆ, ಮೆಟ್ರೋದಲ್ಲಿ ಉಳಿಸಿದ ಸಮಯ ಇಬ್ಲೂರು ಸಿಗ್ನಲ್ಲಲ್ಲೇ ಖಾಲಿ.

ಇನ್ನೊಂದು ವಿಷಯ, ಹಳಿ ಹಾಕಿದ ಮಾತ್ರಕ್ಕೆ ಸೇವೆ ಸಿಕ್ಕಂತಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ನಡುವಿನ ಮೆಟ್ರೋ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆದರೆ ಬಸ್ ಲೇನ್‌ಗೆ ಬೇಕಾಗೋದು ಬಣ್ಣ, ತಡೆಗಂಬ, ಮತ್ತು ನುಗ್ಗುವ ಕಾರು-ಬೈಕಿಗೆ ದಂಡ ಹಾಕೋ ಧೈರ್ಯ. ಆ ಮೂರನೇದೇ ನಮ್ಮಲ್ಲಿ ದುಬಾರಿ ನೋಡಿ!

ಹೊಸ ಪ್ರಯೋಗವೂ ಅಲ್ಲ. 2019ರಲ್ಲಿ ಇದೇ ಹೊರವರ್ತುಲ ರಸ್ತೆಯಲ್ಲಿ ಬಸ್ ಆದ್ಯತಾ ಪಥ ಮಾಡಿದ್ದರು. ಮೆಟ್ರೋ ಕಾಮಗಾರಿಯ ಗದ್ದಲದಲ್ಲಿ ಅದು ಕಾಣೆಯಾಯಿತು.

"ಕಾರಿಗೆ ಇರೋ ಜಾಗಾನೂ ಹೋಗುತ್ತೆ" ಅನ್ನೋ ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ತುಂಬಿದ ಒಂದು ಬಸ್ಸಲ್ಲಿ ಅರವತ್ತು ಜನ. ಅಷ್ಟೇ ಜನ ಒಬ್ಬೊಬ್ಬರೇ ಕಾರಲ್ಲಿ ಬಂದರೆ ಸಾಲು ಎಲ್ಲಿವರೆಗೆ ಹೋಗುತ್ತೆ, ಲೆಕ್ಕ ಹಾಕಿ. ಮೆಟ್ರೋ ಕಾಮಗಾರಿಯ ಬ್ಯಾರಿಕೇಡ್ ತೆಗೆದು ರಸ್ತೆ ಮತ್ತೆ ಹಾಕುವಾಗಲೇ ಲೇನ್ ಗುರುತಿಸಬೇಕು. ಕಾರುಗಳು ಆ ಜಾಗ ಹಿಡಿದಮೇಲೆ ಬಿಡಿಸೋರು ಯಾರು?