ಸ್ಪೀಕರ್ ನುಡಿಸದ ಮಂದ್ರ ಷಡ್ಜ

ಪ್ರಶ್ನೆ: ಹಾಡುಗಾರಿಕೆಯ ಅಭ್ಯಾಸಕ್ಕೆ ಮೊಬೈಲಿನಲ್ಲಿ ತಂಬೂರಿ ಹಾಕಿಕೊಳ್ಳುತ್ತೇನೆ. ಅಷ್ಟು ಸಣ್ಣ ಸ್ಪೀಕರಿನಿಂದ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, ಹೊರಡುವುದೇ ಇಲ್ಲ ಎನ್ನುತ್ತಾರೆ ನಮ್ಮಣ್ಣ. ನನಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಯಾರ ಮಾತು ಸರಿ?
– ಸಂಗೀತ ವಿದ್ಯಾರ್ಥಿನಿ, ಹಾಸನ

ಉತ್ತರ: ಇಬ್ಬರ ಮಾತೂ ಸರಿ. ರುದ್ರಪಟ್ಟಣದಂಥ ಸಂಗೀತಗಾರರ ಊರಿರುವ ಜಿಲ್ಲೆಯಿಂದ ಇಂಥ ಪ್ರಶ್ನೆ ಬಂದದ್ದು ಸಹಜವೇ.

ಒಂದನೇ ಮನೆಯ ಶ್ರುತಿಗೆ (ಪಾಶ್ಚಾತ್ಯರ C ಸ್ವರಕ್ಕೆ) ಕೂಡಿಸಿದ ಗಂಡುದನಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 65 ಬಾರಿ (65 ಹರ್ಟ್ಸ್) ಕಂಪಿಸುತ್ತದೆ. ಅದರೊಡನೆ 130, 195, 260, 325 ಹರ್ಟ್ಸ್ ಹೀಗೆ ಅದರ ಗುಣಕಗಳಾದ ಉಪಸ್ವರಗಳೂ ಹುಟ್ಟುತ್ತವೆ. ತಂತಿಗಳನ್ನು ಹೊರುವ ‘ಕುದುರೆ’ ಎಂಬ ಪಟ್ಟಿಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ನೂಲು ಇವನ್ನೇ ಎತ್ತಿ ತೋರಿಸುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಕೆಳಗಿನ ಕಂಪನಗಳು ಬಹುಪಾಲು ಅಳಿದುಹೋಗಿ ಮೇಲಿನವು ಮಾತ್ರ ಉಳಿಯುತ್ತವೆ. ಆದರೆ ಉಳಿದವೆಲ್ಲವೂ 65ರ ಗುಣಕಗಳೇ ಆದುದರಿಂದ, ಅವು ಕೂಡಿದ ಅಲೆಯು ಈಗಲೂ ಸೆಕೆಂಡಿಗೆ 65 ಬಾರಿಯೇ ಮರುಕಳಿಸುತ್ತದೆ, ಮತ್ತು ಮಿದುಳು ಆ ಮರುಕಳಿಕೆಯನ್ನೇ ಸ್ವರದ ಸ್ಥಾಯಿ (ಎತ್ತರ-ತಗ್ಗು) ಎಂದು ಗ್ರಹಿಸುತ್ತದೆ.

ಒಳಗಿವಿಯಲ್ಲಿ ಸುರುಳಿಯಾಕಾರದ ಭಾಗವಾದ ಕಾಕ್ಲಿಯಾದಲ್ಲಿ ಸುಮಾರು 35 ಮಿಲಿಮೀಟರ್ ಉದ್ದದ ಪೊರೆಯೊಂದಿದ್ದು, ತಾರಸ್ವರಗಳಿಗೆ ಅದರ ಬುಡವೂ ಮಂದ್ರಸ್ವರಗಳಿಗೆ ತುದಿಯೂ ಹೆಚ್ಚು ಅಲುಗುತ್ತವೆ. ಈ ಚಲನೆಯನ್ನು ಕಣ್ಣಾರೆ ಕಂಡು ಅಳೆದ ವಿಜ್ಞಾನಿ ಬೆಕೆಶಿಗೆ 1961ರಲ್ಲಿ ನೊಬೆಲ್ ದೊರೆಯಿತು. ಆದರೆ ಪೊರೆ ಅಲುಗಿದ ಜಾಗವೊಂದೇ ಸ್ಥಾಯಿಯನ್ನು ನಿರ್ಧರಿಸುವಂತಿದ್ದರೆ ನಿಮಗೆ ಮಂದ್ರ ಷಡ್ಜ ಕೇಳಬಾರದಿತ್ತು. ಸುಮಾರು 4000 ಹರ್ಟ್ಸ್‌ವರೆಗೆ ಶ್ರವಣನರದ ಮಿಡಿತಗಳು ಅಲೆಯ ಲಯವನ್ನೇ ಅನುಸರಿಸುವುದರಿಂದ, ಜಾಗದ ಸುಳಿವಿನೊಂದಿಗೆ ಕಾಲದ ಸುಳಿವೂ ಮಿದುಳಿಗೆ ತಲುಪುತ್ತದೆ.

ಇಲ್ಲದ ಸ್ವರವನ್ನು ಕಿವಿಯೇ ತನ್ನೊಳಗೆ ಉಂಟುಮಾಡಿಕೊಳ್ಳುತ್ತದೆ ಎಂಬ ವಾದವೂ ಇತ್ತು. 1954ರಲ್ಲಿ ವಿಜ್ಞಾನಿ ಲಿಕ್‌ಲೈಡರ್ ಅದನ್ನು ಸೊಗಸಾಗಿ ಪರೀಕ್ಷಿಸಿದರು: ಆ ಸ್ವರವಿರಬೇಕಾದ ತಗ್ಗಿನ ಕಂಪನಗಳ ಪ್ರದೇಶವನ್ನು ಗದ್ದಲದಿಂದ ಮುಚ್ಚಿದಾಗಲೂ ಕೇಳುಗರಿಗೆ ಅದೇ ಸ್ಥಾಯಿ ಕೇಳಿಸಿತು. ಮುಂದೆ 2005ರಲ್ಲಿ ಬೆಂಡರ್ ಮತ್ತು ವಾಂಗ್ ಎಂಬ ವಿಜ್ಞಾನಿಗಳು ಮಾರ್ಮೊಸೆಟ್ ಕೋತಿಗಳ ಮಿದುಳಿನ ಶ್ರವಣ ವಲಯದಲ್ಲಿ, ಮೂಲಸ್ವರ (ಎಲ್ಲಕ್ಕಿಂತ ಕೆಳಗಿನ ಕಂಪನ) ಇದ್ದರೂ ಇಲ್ಲದಿದ್ದರೂ ಒಂದೇ ಸ್ಥಾಯಿಗೆ ಓಗೊಡುವ ನರಕೋಶಗಳನ್ನು ಗುರುತಿಸಿದರು. ಹಳೆಯ ದೂರವಾಣಿಯು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತಿದ್ದರೂ ಗಂಡಸರ ದನಿ ಹೆಂಗಸರದಾಗಿ ಕೇಳದಿದ್ದುದಕ್ಕೂ ಕಾರಣ ಇದೇ.

ಶ್ರುತಿ ಸೇರಿಸಿಕೊಳ್ಳಲು ನಿಮ್ಮ ಮೊಬೈಲ್ ಸಾಕು. ಅದೇ ತಂಬೂರಿಯನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಸ್ಥಾಯಿ ಬದಲಾಗುವುದಿಲ್ಲ, ನಾದದ ತೂಕ ಮಾತ್ರ ಹೆಚ್ಚುತ್ತದೆ. ನಿಮ್ಮಣ್ಣ ಇಲ್ಲವೆಂದದ್ದು ಆ ತೂಕವನ್ನು.