ನಂಬರ್ 1 ಆಗಬೇಕಿದ್ದ ಹಾಡುಗಳು: ನನ್ನ ತಕರಾರು

ಪ್ರಶ್ನೆ: ಚಾರ್ಟಿನಲ್ಲಿ ಇನ್ನೂ ಮೇಲೆ ಹೋಗಬೇಕಿತ್ತು ಅಂತ ನಿಮಗೆ ಅನಿಸುವ ಇಂಗ್ಲಿಷ್ ಪಾಪ್ ಹಾಡುಗಳು ಯಾವುವು? ಅವು ಕೆಳಗೇ ಉಳಿದದ್ದು ಯಾಕೆ?

ಯೋಚನೆ ಮಾಡದೆ ಬಾಯಿಗೆ ಬರುವ ಹೆಸರು ‘ರಿವರ್ ಡೀಪ್, ಮೌಂಟನ್ ಹೈ’. ಐಕ್ ಮತ್ತು ಟೀನಾ ಟರ್ನರ್ ದಂಪತಿಯ ಹೆಸರಿನಲ್ಲಿ ಬಂದದ್ದು, 1966. ಅಮೆರಿಕದಲ್ಲಿ ವಾರವಾರ ಹೆಚ್ಚು ಓಡುವ ನೂರು ಹಾಡುಗಳ ಚಾರ್ಟಾದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು ಮುಟ್ಟಿದ ಅತಿ ಎತ್ತರದ ಜಾಗ 88. ಹೌದು, ಎಂಬತ್ತೆಂಟು.

ಈ ಪ್ರಶ್ನೆ ಬಂದಾಗಲೆಲ್ಲ ಜನ 2ನೇ ಸ್ಥಾನದಲ್ಲಿ ನಿಂತ ಹಾಡುಗಳ ಹೆಸರು ಹೇಳುತ್ತಾರೆ. ನನಗೆ ಆ ಹಾಡುಗಳ ಬಗ್ಗೆ ಅಷ್ಟೇನೂ ಮರುಕ ಬರುವುದಿಲ್ಲ. 2ನೇ ಸ್ಥಾನಕ್ಕೆ ಬಂದ ಹಾಡನ್ನು ಜನ ಕೇಳಿದ್ದಾರೆ, ದುಡ್ಡು ಕೊಟ್ಟು ತಗೊಂಡಿದ್ದಾರೆ, ಆ ವಾರ ಇನ್ನೊಂದು ಹಾಡು ಸ್ವಲ್ಪ ಜಾಸ್ತಿ ಮಾರಾಟವಾಗಿದೆ, ಅಷ್ಟೇ. 88ರಲ್ಲಿ ಸತ್ತ ಹಾಡಿನ ಕಥೆ ಬೇರೆ. ಅದನ್ನು ಕೇಳಿ ಬೇಡ ಅಂದವರು ಕಡಿಮೆ. ಅದು ಕಿವಿಯವರೆಗೆ ಹೋಗಲೇ ಇಲ್ಲ.

ಈ ಹಾಡನ್ನು ಮಾಡಿಸಿದವನು ಫಿಲ್ ಸ್ಪೆಕ್ಟರ್. ಮುಂದೆ ಕೊಲೆ ಕೇಸಿನಲ್ಲಿ ಜೈಲಿಗೆ ಹೋದವನು, ಅವನನ್ನು ಹೊಗಳುವ ಆಸೆ ನನಗೇನೂ ಇಲ್ಲ. ಆದರೆ ಆಗ ಅವನು ಅಮೆರಿಕದ ದೊಡ್ಡ ಹಿಟ್ ಪ್ರೊಡ್ಯೂಸರ್. ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೊದ ಒಂದು ರೂಮಿನಲ್ಲಿ ಹಲವು ಗಿಟಾರು, ಹಲವು ಪಿಯಾನೊ, ಡ್ರಮ್ಮು, ತುತ್ತೂರಿ ಎಲ್ಲ ತುಂಬಿ, ಎಕೋ ಚೇಂಬರಿನಲ್ಲಿ ಹಾಯಿಸಿ, ಯಾವುದು ಯಾವ ವಾದ್ಯ ಅಂತ ಬಿಡಿಸಲಾಗದ ಹಾಗೆ ಒಂದೇ ಸದ್ದು ಮಾಡುವುದು ಅವನ ಪದ್ಧತಿ. ‘ವಾಲ್ ಆಫ್ ಸೌಂಡ್’ ಅನ್ನುತ್ತಾರಲ್ಲ, ಅದೇ. ಐಕ್ ಟರ್ನರ್ ಸ್ಟುಡಿಯೊ ಕಡೆ ತಲೆ ಹಾಕಬಾರದು ಅಂತ ಅವನಿಗೆ 20,000 ಡಾಲರ್ ಕೊಟ್ಟ. ಆದರೂ ರೆಕಾರ್ಡಿನ ಮೇಲೆ ಐಕ್ ಹೆಸರು ಇದೆ, ಅವನು ಒಂದು ಸ್ವರವನ್ನೂ ನುಡಿಸಿಲ್ಲ! ಟೀನಾ ಕೈಲಿ ಮತ್ತೆ ಮತ್ತೆ ಹಾಡಿಸಿದ. ಅವಳು ಬೆವರಿನಲ್ಲಿ ತೊಯ್ದು ಹೋಗಿ ಕೊನೆಗೆ ಬ್ಲೌಸ್ ಬಿಚ್ಚಿಟ್ಟು, ಒಳಬಟ್ಟೆಯಲ್ಲೇ ನಿಂತು ಹಾಡಿದೆ ಅಂತ ಆಮೇಲೆ ಅವಳೇ ಹೇಳಿಕೊಂಡಿದ್ದಾಳೆ. ಹಾಡು ಶುರುವಾಗುವಾಗ ಧ್ವನಿ ಹತೋಟಿಯಲ್ಲೇ ಇರುತ್ತದೆ. ಪಲ್ಲವಿ ಬರುತ್ತಿದ್ದಂತೆ ಹಿಂದಿನ ಆ ಸದ್ದೆಲ್ಲ ಒಟ್ಟಿಗೆ ಮೇಲೇಳುತ್ತದೆ, ಅದರ ತಲೆಯ ಮೇಲೆ ಹತ್ತಿ ನಿಂತ ಹಾಗೆ ಅವಳ ಒಂದೇ ಧ್ವನಿ. ಇಷ್ಟು ಗದ್ದಲದಲ್ಲಿ ಮುಳುಗದೆ ಇರುವ ಗಂಟಲು ಆಗ ಇನ್ನೆಷ್ಟು ಜನರಿಗೆ ಇತ್ತು, ಹೇಳಿ?

ಮತ್ತೆ ಯಾಕೆ 88? ಸಾಮಾನ್ಯವಾಗಿ ಕೊಡುವ ವಿವರಣೆ ರೇಡಿಯೊದ್ದು. ಅಮೆರಿಕದ ರೇಡಿಯೊ ಆಗ ಬಣ್ಣದ ಲೆಕ್ಕದಲ್ಲೇ ಹಂಚಿಹೋಗಿತ್ತು. ಕರಿಯರ ಸ್ಟೇಷನ್ನುಗಳಿಗೆ ಇದು ತೀರಾ ಪಾಪ್ ಅನಿಸಿತು, ಪಾಪ್ ಸ್ಟೇಷನ್ನುಗಳಿಗೆ ಹಾಡುವವಳು ಕರಿಯಳು. ಕರಿಯ ಕಲಾವಿದರ ಹಾಡು ಮೊದಲು ಕರಿಯರ ಸಂಗೀತದ ಆರ್ ಅಂಡ್ ಬಿ ಪಟ್ಟಿಯಲ್ಲಿ ಗೆದ್ದು ಬಂದರೆ ಮಾತ್ರ ಈ ಕಡೆಯವರು ಹಾಕುತ್ತಿದ್ದರು. ಅಲ್ಲಿಗೂ ಸೇರಲಿಲ್ಲ, ಇಲ್ಲಿಗೂ ಸೇರಲಿಲ್ಲ. ಸ್ಪೆಕ್ಟರ್ ಮೇಲೆ ರೇಡಿಯೊದವರಿಗೆ ಸಿಟ್ಟಿತ್ತು ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಅದೇ ರೆಕಾರ್ಡು, ಅದೇ ವರ್ಷ, ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಸಮುದ್ರದ ಒಂದು ದಡದಲ್ಲಿ 3, ಇನ್ನೊಂದು ದಡದಲ್ಲಿ 88. ಹಾಡಿನಲ್ಲೇ ಏನೋ ಕೊರತೆ ಇತ್ತು ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾ? ಸ್ಪೆಕ್ಟರ್ ಈ ಸೋಲಿನಿಂದ ಮುನಿಸಿಕೊಂಡು ಸ್ವಲ್ಪ ಕಾಲ ಕೆಲಸವನ್ನೇ ಬಿಟ್ಟ.

ಇದೇ ಜಾತಿಗೆ ಸೇರಿದ್ದು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’, 1967ರದ್ದು. ಈಗ ಅದು ಕೇಳದ ಮದುವೆ ವಿಡಿಯೊ ಇಲ್ಲ, ಜಾಹೀರಾತು ಇಲ್ಲ. ಆಗ ಅಮೆರಿಕದಲ್ಲಿ ಮಾರಾಟವಾದದ್ದು ಸಾವಿರ ಪ್ರತಿಗೂ ಕಡಿಮೆ. ಎಬಿಸಿ ರೆಕಾರ್ಡ್ಸ್ ಮುಖ್ಯಸ್ಥ ಲ್ಯಾರಿ ನ್ಯೂಟನ್‌ಗೆ ಹಾಡು ಹಿಡಿಸಲಿಲ್ಲ, ಪ್ರಚಾರವನ್ನೇ ಮಾಡಲಿಲ್ಲ, ಮುಗೀತು. ಬ್ರಿಟನ್ನಿನಲ್ಲಿ 1968ರಲ್ಲಿ ಅದು ನಂಬರ್ 1. ಅಮೆರಿಕದವರು ಇದನ್ನು ಕೇಳಿದ್ದು ಸುಮಾರು 20 ವರ್ಷದ ಮೇಲೆ, ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ ಸಿನಿಮಾದಲ್ಲಿ ಬಂದಾಗ. ಆಗ 32ನೇ ಸ್ಥಾನ. ಅಷ್ಟು ಹೊತ್ತಿಗೆ ಹಾಡಿದವನು ತೀರಿಕೊಂಡೇ 16 ವರ್ಷ ದಾಟಿತ್ತು.

ಬೀಚ್ ಬಾಯ್ಸ್ ತಂಡದ ‘ಗಾಡ್ ಓನ್ಲಿ ನೋಸ್’ ಕೂಡ 1966. ಅಮೆರಿಕದಲ್ಲಿ 39. ಹೆಸರಿನಲ್ಲೇ ದೇವರು ಇದ್ದದ್ದರಿಂದ ರೇಡಿಯೊದವರು ಹಾಕುತ್ತಾರೋ ಇಲ್ಲವೋ ಅನ್ನುವ ಅಳುಕು ಬರೆದವರಿಗೇ ಇತ್ತು. ಅಲ್ಲಿ ಅದನ್ನು ಬೇರೆ ಹಾಡಿನ ರೆಕಾರ್ಡಿನ ಹಿಂಬದಿಗೆ, ಬಿ-ಸೈಡಿಗೆ ಹಾಕಿದರು. ಹಿಂಬದಿಯಲ್ಲಿದ್ದೂ 39 ಮುಟ್ಟಿದ್ದು ದೊಡ್ಡದೇ. 19 ವರ್ಷದ ಕಾರ್ಲ್ ವಿಲ್ಸನ್ ಹಾಡಿದ್ದು. ಕೊನೆಯಲ್ಲಿ ಒಂದೇ ಸಾಲನ್ನು ಬೇರೆ ಬೇರೆ ಧ್ವನಿಗಳು ಒಂದರ ಹಿಂದೆ ಒಂದು ಹಿಡಿದು, ಮುಗಿಯದೆ ಸುತ್ತುತ್ತಾ ಹೋಗುತ್ತವೆ. ನಾನು ಪಾಪ್ ಹಾಡುಗಳಲ್ಲಿ ಒಂದೇ ಒಂದನ್ನು ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ, ಹಾಗಾಗಿ ಇದರ ಬಗ್ಗೆ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಯೇ ತಗೊಳ್ಳಿ.

ಈಗ ನಿಯಮದಿಂದ ಏಟು ತಿಂದ ಹಾಡುಗಳು. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ನೋಡಿ ಬೆಳೆದವರಿಗೆ ನಟಾಲಿ ಇಂಬ್ರೂಲಿಯಾ ಹಾಡಿದ ‘ಟಾರ್ನ್’ ಗೊತ್ತೇ ಇರುತ್ತದೆ. ಖಾಲಿ ಫ್ಲ್ಯಾಟು, ಸಡಿಲ ಪ್ಯಾಂಟು, ಕೊನೆಯಲ್ಲಿ ಗೋಡೆಗಳನ್ನೇ ಬಿಚ್ಚಿ ಸೆಟ್ ತೆಗೆಯುತ್ತಾರಲ್ಲ, ಅದೇ ವಿಡಿಯೊ. ಅಮೆರಿಕದ ರೇಡಿಯೊ ಪಟ್ಟಿಯಲ್ಲಿ ಈ ಹಾಡು 1998ರಲ್ಲಿ 11 ವಾರ ನಂಬರ್ 1. ಆದರೆ ಮುಖ್ಯ ಪಟ್ಟಿಯಾದ ಹಾಟ್ 100ರಲ್ಲಿ? 42. ತಮಾಷೆಯಲ್ಲ. ಹಾಡು ಅಂಗಡಿಯಲ್ಲಿ ಸಿಂಗಲ್ ಆಗಿ, ಅಂದರೆ ಆಲ್ಬಂ ಬಿಟ್ಟು ಬಿಡಿಯಾಗಿ, ಮಾರಾಟಕ್ಕಿದ್ದರೆ ಮಾತ್ರ ಹಾಟ್ 100ಕ್ಕೆ ಪ್ರವೇಶ ಅಂತ ಆಗ ನಿಯಮ. ಕಂಪನಿಗಳಿಗೆ ಬೇರೆ ಲೆಕ್ಕ: ಕಡಿಮೆ ಬೆಲೆಗೆ ಒಂದು ಹಾಡು ಸಿಕ್ಕರೆ ದುಬಾರಿ ಸಿಡಿ ಯಾರು ತಗೋತಾರೆ? ಹಾಗಾಗಿ ಹಾಡನ್ನು ರೇಡಿಯೊಗೆ ಕೊಡುತ್ತಿದ್ದರು, ಅಂಗಡಿಗೆ ಕೊಡುತ್ತಿರಲಿಲ್ಲ. ಒಂದು ಹಾಡು ಇಷ್ಟವಾದವನು ಇಡೀ ಆಲ್ಬಂ ತಗೋಬೇಕು. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ 16 ವಾರ ರೇಡಿಯೊ ಪಟ್ಟಿಯ ತುದಿಯಲ್ಲಿತ್ತು, ಹಾಟ್ 100ರಲ್ಲಿ ಅದರ ಹೆಸರೇ ಇಲ್ಲ. ಗೂ ಗೂ ಡಾಲ್ಸ್ ತಂಡದ ‘ಐರಿಸ್’ 18 ವಾರ ರೇಡಿಯೊದಲ್ಲಿ ಮೊದಲು. 1998ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿಸಿ ರೇಡಿಯೊ ಹಾಡುಗಳನ್ನೂ ಸೇರಿಸಿಕೊಂಡರು. ಅಷ್ಟರಲ್ಲಿ ‘ಐರಿಸ್’ ಬಿಸಿ ಆರಿಹೋಗಿತ್ತು, ಮುಟ್ಟಿದ್ದು 9. ‘ಟಾರ್ನ್’ 42ಕ್ಕೆ ಬಂದದ್ದೂ ಆಗಲೇ. ಹತ್ತು ಹದಿನೈದು ವರ್ಷ ಬಿಟ್ಟು ಆ ಹಳೇ ಪಟ್ಟಿ ನೋಡಿದವನಿಗೆ ‘ಡೋಂಟ್ ಸ್ಪೀಕ್’ ಅನ್ನುವ ಹಾಡು ಹುಟ್ಟೇ ಇರಲಿಲ್ಲ ಅನಿಸಬೇಕು.

ಅಂದಹಾಗೆ ‘ಟಾರ್ನ್’ ಮೊದಲು ರೆಕಾರ್ಡ್ ಆಗಿ ಬಂದದ್ದು ಡೇನಿಷ್ ಭಾಷೆಯಲ್ಲಿ, 1993ರಲ್ಲಿ, ಲಿಸ್ ಸೋರೆನ್ಸೆನ್ ಅನ್ನುವವರ ಧ್ವನಿಯಲ್ಲಿ. ಇಂಬ್ರೂಲಿಯಾ ಹಾಡಿದ್ದು ಬ್ರಿಟನ್ನಿನಲ್ಲಿ 2ಕ್ಕೆ ನಿಂತಿತು. ಮೇಲೆ ಕೂತಿದ್ದು ‘ಬಾರ್ಬಿ ಗರ್ಲ್’. ಇದಕ್ಕೆ ನಾನು ಏನೂ ಹೇಳುವುದಿಲ್ಲ.

ನಂಬರ್ 2ಕ್ಕೆ ಮರುಕ ಇಲ್ಲ ಅಂದೆ. ಆದರೂ ಎರಡು ಮೂರು ಕಡೆ ಹೊಟ್ಟೆ ಉರಿಯುತ್ತದೆ. 1967ರ ಫೆಬ್ರವರಿಯಲ್ಲಿ ಬೀಟಲ್ಸ್ ಒಂದೇ ರೆಕಾರ್ಡಿನ ಎರಡು ಬದಿಗೆ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಕಿ ಬಿಟ್ಟರು. ಅದರ ಹಿಂದಿನ 11 ಸಿಂಗಲ್‌ಗಳು ಬ್ರಿಟನ್ನಿನಲ್ಲಿ ಸಾಲಾಗಿ ನಂಬರ್ 1 ಆಗಿದ್ದವು. ಆ ಸರಣಿ ಮುರಿದದ್ದು ಇಲ್ಲಿ, ಅವರ ಅತ್ಯುತ್ತಮ ರೆಕಾರ್ಡಿನಲ್ಲಿ. ಮುರಿದವರು ಎಂಗಲ್ಬರ್ಟ್ ಹಂಪರ್ಡಿಂಕ್, ಹಾಡು ‘ರಿಲೀಸ್ ಮಿ’. ಆರು ವಾರ ಅಲುಗಾಡಲಿಲ್ಲ. ಈ ಹಂಪರ್ಡಿಂಕ್ ನಮ್ಮ ಪಕ್ಕದ ಮದ್ರಾಸಿನಲ್ಲೇ ಹುಟ್ಟಿದವರು, 1936ರಲ್ಲಿ. ನಿಜ ಹೆಸರು ಆರ್ನಲ್ಡ್ ಡಾರ್ಸಿ. ಅವರ ಹಾಡು ಕೆಟ್ಟದ್ದೇನಲ್ಲ, ಅಮ್ಮಂದಿರು ಅಪ್ಪಂದಿರು ಅಂಗಡಿಗೆ ಹೋಗಿ ತಗೊಳ್ಳುವಂಥ ಹಾಡು. ಹಾಗೆ ತಗೊಂಡರು. ಆಗ ಬ್ರಿಟನ್ನಿನಲ್ಲಿ ಪಟ್ಟಿಗಳೇ ಹಲವಿದ್ದವು ಅನ್ನುವುದೂ ಇಲ್ಲಿ ಬರುತ್ತದೆ. ಮೆಲಡಿ ಮೇಕರ್ ಪತ್ರಿಕೆಯ ಪಟ್ಟಿಯಲ್ಲಿ ಬೀಟಲ್ಸ್ ಮೊದಲಿದ್ದರು. ಈಗ ಅಧಿಕೃತ ಅಂತ ಲೆಕ್ಕಕ್ಕೆ ಹಿಡಿಯುವ ರೆಕಾರ್ಡ್ ರಿಟೇಲರ್ ಪಟ್ಟಿಯಲ್ಲಿ 2.

‘ಸ್ಟ್ರಾಬೆರಿ ಫೀಲ್ಡ್ಸ್’ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸುಮಾರು 1 ನಿಮಿಷದ ಹತ್ತಿರ ಒಂದು ಬೆಸುಗೆ ಇದೆ. ಬೇರೆ ಬೇರೆ ಶ್ರುತಿ, ಬೇರೆ ಬೇರೆ ವೇಗದ ಎರಡು ರೆಕಾರ್ಡಿಂಗ್‌ಗಳು. ಮೊದಲರ್ಧ ಇದರದ್ದು, ಮಿಕ್ಕಿದ್ದು ಅದರದ್ದು ಬೇಕು ಅಂದ ಬೀಟಲ್ಸ್‌ನ ಜಾನ್ ಲೆನನ್. ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮರಿಕ್ ಟೇಪಿನ ವೇಗ ಹೆಚ್ಚು ಕಡಿಮೆ ಮಾಡಿ, ಎರಡೂ ಒಂದೇ ಶ್ರುತಿಗೆ ಬರುವಂತೆ ಮಾಡಿ, ಕತ್ತರಿಸಿ ಅಂಟಿಸಿದರು. ಅಲ್ಲಿಂದ ಮುಂದೆ ಚೆಲ್ಲೋ, ಟ್ರಂಪೆಟ್ ಎಲ್ಲ ಬಂದು ಧ್ವನಿ ಸ್ವಲ್ಪ ಭಾರವಾಗುತ್ತದೆ. ಗೊತ್ತಿಲ್ಲದವನಿಗೆ ತಿಳಿಯುವುದೇ ಇಲ್ಲ, ಗೊತ್ತಾದ ಮೇಲೆ ಪ್ರತಿಸಲ ಕೇಳಿಸುತ್ತದೆ. ಇನ್ನೊಂದು ಬದಿಯ ‘ಪೆನ್ನಿ ಲೇನ್’ನಲ್ಲಿ ಡೇವಿಡ್ ಮೇಸನ್ ಊದಿದ ಪಿಕೊಲೊ ಟ್ರಂಪೆಟ್, ಅಂದರೆ ಪುಟ್ಟ ಟ್ರಂಪೆಟ್. ಟಿವಿಯಲ್ಲಿ ಬಾಖ್ ಸಂಗೀತ ನುಡಿಸುತ್ತಿದ್ದ ಅವರನ್ನು ನೋಡಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕರೆಸಿಕೊಂಡದ್ದು. ಇಷ್ಟೆಲ್ಲ ಒಂದೇ ರೆಕಾರ್ಡಿನಲ್ಲಿ, ಒಂದೇ ಬೆಲೆಗೆ!

ಎರಡನೆಯ ಹೊಟ್ಟೆಯುರಿ ‘ವಿಯೆನ್ನಾ’. ಅಲ್ಟ್ರಾವಾಕ್ಸ್ ತಂಡ, 1981. ಬ್ರಿಟನ್ನಿನಲ್ಲಿ ನಾಲ್ಕು ವಾರ 2ರಲ್ಲಿ. ಮೊದಲ ವಾರ ಮೇಲಿದ್ದದ್ದು ಜಾನ್ ಲೆನನ್ ಹಾಡು. ಅವನ ಕೊಲೆಯಾಗಿ ಎರಡು ತಿಂಗಳು, ಯಾರೂ ಅದಕ್ಕೆ ಏನೂ ಅನ್ನುವ ಹಾಗಿಲ್ಲ. ಮಿಕ್ಕ ಮೂರು ವಾರ ಮೇಲಿದ್ದದ್ದು ಜೋ ಡಾಲ್ಚೆ ಅನ್ನುವವರ ‘ಶಡಪ್ ಯು ಫೇಸ್’, ಇಟಲಿ ಶೈಲಿಯ ಹರಕು ಇಂಗ್ಲಿಷಿನ ಕಾಮಿಡಿ ಹಾಡು. ಒಂದು ಕಡೆ ಪಿಯಾನೊ, ವಯೋಲಾ, ಮಳೆಗಾಲದ ಯುರೋಪು, ಇನ್ನೊಂದು ಕಡೆ ಇದು. ಮೂರು ದಶಕ ಕಳೆದ ಮೇಲೆ ಬ್ರಿಟನ್ ಚಾರ್ಟಿನವರೇ ಮತ ಹಾಕಿಸಿದಾಗ ಜನ ‘ವಿಯೆನ್ನಾ’ವನ್ನು ತಮ್ಮ ಅತಿ ಪ್ರೀತಿಯ ನಂಬರ್ 2 ಅಂತ ಆರಿಸಿದರು. ಗೌರವ ನಂಬರ್ 1 ಕೂಡ ಕೊಟ್ಟರು. ಗೌರವ ಡಾಕ್ಟರೇಟ್ ಥರ.

ಕೇಟ್ ಬುಷ್ ಹಾಡಿದ ‘ರನ್ನಿಂಗ್ ಅಪ್ ದಟ್ ಹಿಲ್’ ಅನ್ನು ಈ ಪಟ್ಟಿಯಿಂದ ತೆಗೆದಿದ್ದೇನೆ. ಬ್ರಿಟನ್ನಿನಲ್ಲಿ 1985ರಲ್ಲಿ 3, ಒಂದು ವೆಬ್ ಸರಣಿಯ ಪುಣ್ಯದಿಂದ 2022ರಲ್ಲಿ 1. ವ್ಯಾಮ್ ಜೋಡಿಯ ‘ಲಾಸ್ಟ್ ಕ್ರಿಸ್‌ಮಸ್’ ಕೂಡ 1984ರಲ್ಲಿ 2ಕ್ಕೆ ನಿಂತು, 2021ರ ಹೊಸವರ್ಷಕ್ಕೆ 1 ಆಯಿತು. ಸ್ಟ್ರೀಮಿಂಗ್ ಬಂದ ಮೇಲೆ ಹಳೇ ಹಾಡಿಗೂ ಅಂಗಡಿ ಯಾವಾಗಲೂ ತೆರೆದಿರುತ್ತದೆ. ವ್ಯಾಮ್‌ನ ಹಾಡುಗಾರ ಜಾರ್ಜ್ ಮೈಕಲ್ ಮಾತ್ರ ಇರಲಿಲ್ಲ ನೋಡುವುದಕ್ಕೆ. ರಾಬಿನ್ ಹಾಡಿದ ‘ಡ್ಯಾನ್ಸಿಂಗ್ ಆನ್ ಮೈ ಓನ್’ (2010) ಇನ್ನೂ ಕಾಯುತ್ತಿದೆ. ಬ್ರಿಟನ್ನಿನಲ್ಲಿ 8, ಅಮೆರಿಕದ ನೂರರಲ್ಲಿ ಇಲ್ಲವೇ ಇಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆ 2021ರಲ್ಲಿ ಸಾರ್ವಕಾಲಿಕ 500 ಹಾಡುಗಳ ಪಟ್ಟಿ ಮಾಡಿದಾಗ ಅದಕ್ಕೆ ಕೊಟ್ಟ ಸ್ಥಾನ 20.

ಕೊನೆಗೆ 1995. ಪಲ್ಪ್ ತಂಡ ಶೆಫೀಲ್ಡ್‌ನಲ್ಲಿ 1978ರಿಂದ ಒದ್ದಾಡಿ ಒದ್ದಾಡಿ ‘ಕಾಮನ್ ಪೀಪಲ್’ ತಂದಿತು. ಬಡವರ ಬದುಕನ್ನು ಸುಮ್ನೆ ಶೋಕಿಗೆ ಒಂದು ಸಲ ನೋಡಿ ಬರೋಣ ಅನ್ನುವ ಶ್ರೀಮಂತ ಹುಡುಗಿಯ ಮೇಲೆ ಹಾಡು. ಶುರುವಿನಲ್ಲಿ ಮಾತಾಡಿದ ಹಾಗೆ ಇದ್ದು, ಕೊನೆಗೆ ಹಲ್ಲು ಕಚ್ಚಿಕೊಂಡು ಓಡುತ್ತದೆ. ಅದನ್ನು 2ರಲ್ಲಿ ನಿಲ್ಲಿಸಿದವರು ರಾಬ್ಸನ್ ಮತ್ತು ಜೆರೋಮ್, ಟಿವಿ ಧಾರಾವಾಹಿಯ ಇಬ್ಬರು ನಟರು, ಹಾಡಿದ್ದು ‘ಅನ್‌ಚೇನ್ಡ್ ಮೆಲಡಿ’ಯ ಇನ್ನೊಂದು ಆವೃತ್ತಿ. ಅದೇ ವರ್ಷದ ಕೊನೆಗೆ ಅದೇ ಜೋಡಿ ಇನ್ನೊಂದು ಹಳೇ ಹಾಡು ಹಿಡಿದು ಬಂದು ಒಯಾಸಿಸ್ ತಂಡದ ‘ವಂಡರ್‌ವಾಲ್’ ಅನ್ನೂ 2ರಲ್ಲೇ ನಿಲ್ಲಿಸಿತು. ‘ಕಾಮನ್ ಪೀಪಲ್’ ವಿಷಯದಲ್ಲಿ ಅವರನ್ನು ನಾನು ಕ್ಷಮಿಸುವುದಿಲ್ಲ. ‘ವಂಡರ್‌ವಾಲ್’ಗೆ 2 ಸಾಕು. ಪ್ರತಿ ಹಾಸ್ಟೆಲಿನಲ್ಲೂ ಗಿಟಾರ್ ಕಲಿಯುವ ಒಬ್ಬ ಹುಡುಗ ಇರುತ್ತಾನೆ, ಅವನ ಪಕ್ಕದ ರೂಮಿನಲ್ಲಿ ಇದ್ದು ನೋಡಿ, ನೀವೂ ಇದನ್ನೇ ಹೇಳುತ್ತೀರಿ.